ಮುಯ್ಯಿಯ ಲೆಕ್ಕ ಯಾರ ಕೈಲಿ? ಹೊಸನಗರ ಸೀಮೆಯ ಒಂದು ಅಡಿಕೆ ತೋಟದ ಪ್ರಕರಣ

ಅದು ಇನ್ನೂರು ಪುಟದ, ಗೆರೆ ಹಾಕಿದ ನೋಟ್‌ಬುಕ್. ರಟ್ಟಿನ ಮೇಲೆ ಅಡಿಕೆ ಚೊಗರಿನ ಕಂದು ಕಲೆ, ಮೂಲೆಗಳು ಮಡಚಿ ಮಡಚಿ ಮೆತ್ತಗಾಗಿದ್ದವು. ಮುಂದಿನಿಂದ ತೆರೆದರೆ ಲೆಕ್ಕ: ತಾರೀಕು, ಭಾವನ ಅಂಗಳದಿಂದ ಹೊರಟ ಅಡಿಕೆ ಎಷ್ಟು ಚೀಲ, ಯಾರ ಗಾಡಿ, ಆ ವಾರ ಶಿವಮೊಗ್ಗದ ಮಂಡಿಯಲ್ಲಿ ರಾಶಿ ಇಡಿ ಎಂಬ ದರ್ಜೆಯ ಅಡಿಕೆಯ ಧಾರಣೆ. ತಲೆಕೆಳಗು ಮಾಡಿ ಹಿಂದಿನಿಂದ ತೆರೆದರೆ ಶಾಪ. ಸಹಿ ಹಾಕಿಸಿಕೊಂಡ ಕೈಗೆ ಲಕ್ವ ಹೊಡೆಯಲಿ. ಅವರ ತೋಟಕ್ಕೆ ಕೊಳೆ ಬೀಳಲಿ. ಅವರ ಮನೆಯಲ್ಲಿ ಮದುವೆ ಆಗದಿರಲಿ. ಒಂದೊಂದು ಶಾಪದ ಎದುರಿಗೂ ತಾರೀಕು ಇತ್ತು, ಅಡಿಕೆ ಚೀಲಕ್ಕೆ ಬರೆದ ಹಾಗೇ.

2019ರ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅದನ್ನು ನನ್ನ ಕೈಗಿಟ್ಟು ಆಕೆ ಹೇಳಿದ್ದು ಇಷ್ಟೇ: "ಇದನ್ನ ಪೂರ್ತಿ ಓದಿ. ಆಮೇಲೆ ಹೇಳಿ, ನಾನು ಕರ್ತನ ಭೋಜನಕ್ಕೆ ಬರ್ಬೋದಾ ಅಂತ."

ಆಕೆಯನ್ನು ಇಲ್ಲಿ ಅಕ್ಕ ಎಂದು ಕರೆಯುತ್ತೇನೆ. ಬರೆಯಲು ಅವರು ಒಪ್ಪಿದ್ದಾರೆ. ಊರಿನ ಹೆಸರು ಬಿಟ್ಟಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ನಮ್ಮ ಕ್ರೈಸ್ತ ಸಭೆಯ ಹೆಸರೂ ಬೇಡ. ಆ ಸಭೆಯಲ್ಲಿ ಆಗ ನಾನೂ ಒಬ್ಬ ಹಿರಿಯನಾಗಿದ್ದೆ, ಮತ್ತು ಈ ಪ್ರಕರಣದಲ್ಲಿ ಮೊದಲು ತಪ್ಪಿದವರಲ್ಲಿ ನಾನೂ ಸೇರಿದ್ದೇನೆ. ದೇವರ ನ್ಯಾಯದ ಬಗ್ಗೆ ಮಾತಾಡಿ ಅನ್ಯಾಯಕ್ಕೆ ಒಳಗಾದವರನ್ನು ಸುಮ್ಮನಾಗಿಸುವುದು ನಮ್ಮ ಸಭೆಗಳಲ್ಲಿ ಎಷ್ಟು ಸುಲಭ ಎಂಬುದನ್ನು ಈ ಮೂರು ನಾಲ್ಕು ವರ್ಷದಲ್ಲಿ ಕಲಿತೆ. ಅದೇ ದೇವರ ನ್ಯಾಯ ಒಬ್ಬ ಹೆಂಗಸಿಗೆ ನಿಜವಾಗಿ ಹೇಗೆ ಆಸರೆಯಾಯಿತು ಎಂಬುದನ್ನೂ ಕಂಡೆ.

ತೋಟ, ಪತ್ರ, ಪಹಣಿ

ಮಾವನವರದ್ದು 3 ಎಕರೆ ಅಡಿಕೆ ತೋಟ, ಮೇಲ್ಗಡೆ ಒಂದಿಷ್ಟು ಸೊಪ್ಪಿನಬೆಟ್ಟ. ಅತ್ತೆ ಮೊದಲೇ ತೀರಿಕೊಂಡಿದ್ದರು. ಇಬ್ಬರೇ ಗಂಡುಮಕ್ಕಳು. 2009ರಲ್ಲಿ ಮಾವ ವಿಲ್ ಬರೆಯದೆ ಹೋದರು. ಅಣ್ಣತಮ್ಮಂದಿರು ಪಾಲಾಗಲಿಲ್ಲ. ಹಿರಿಯವನು ವ್ಯವಹಾರ ನೋಡುತ್ತಿದ್ದ, ಕಿರಿಯವನು, ಅಂದರೆ ಅಕ್ಕನ ಗಂಡ, ತೋಟದಲ್ಲಿ ದುಡಿಯುತ್ತಿದ್ದ. 2016ರಲ್ಲಿ ಒಂದು ದಿನ ಅಣ್ಣ ತಮ್ಮನನ್ನು ಉಪನೋಂದಣಿ ಕಚೇರಿಗೆ ಕರೆದುಕೊಂಡು ಹೋದ. ಸಂಜೆ ಬಂದವನು ಹೆಂಡತಿಗೆ ಹೇಳಿದ್ದು, ಸಾಲಕ್ಕೆ ಜಾಮೀನು ಹಾಕಿ ಬಂದೆ ಅಂತ. ಮುಂದಿನ ವರ್ಷ ಅವನಿಗೆ ಪಿತ್ತಜನಕಾಂಗದ ಕಾಯಿಲೆ. 2018ರ ಫೆಬ್ರವರಿಯಲ್ಲಿ ತೀರಿಕೊಂಡ. ಆಗ ಮಗಳಿಗೆ ಹನ್ನೊಂದು.

ಆ ಜೂನ್‌ನಲ್ಲಿ ಬೆಳೆಸಾಲಕ್ಕೆಂದು ಪಹಣಿ ತೆಗೆಸಲು ಹೋದಾಗ ಗೊತ್ತಾಯಿತು: ಗಂಡ ಹಾಕಿದ್ದು ಜಾಮೀನಿನ ಸಹಿಯಲ್ಲ, ಹಕ್ಕುಬಿಡುಗಡೆ ಪತ್ರದ ಸಹಿ. ಇಡೀ 3 ಎಕರೆ ಗಂಡನ ಅಣ್ಣನ, ಅಂದರೆ ಭಾವನ, ಹೆಸರಿನಲ್ಲಿತ್ತು. ಮನೆಯ ಕೆಳಗಿನ 20 ಗುಂಟೆಯ ಪಟ್ಟೆಯನ್ನು ಭಾವ "ನೀವು ಅನುಭವಿಸ್ಕೊಂಡು ಹೋಗಿ, ನಾನೇನು ಬೀದಿಗೆ ಹಾಕಲ್ಲ" ಎಂದು ಬಿಟ್ಟುಕೊಟ್ಟರು. ದಾಖಲೆಯಲ್ಲಿ ಅದೂ ಇಲ್ಲ.

ಆ ಸಹಿ ಮೋಸದಿಂದ ಹಾಕಿಸಿದ್ದೋ ತಿಳಿದೇ ಹಾಕಿದ್ದೋ, ಅದನ್ನು ತೀರ್ಮಾನಿಸಬೇಕಾದ್ದು ನ್ಯಾಯಾಲಯ. ಭಾವನ ವಾದವೂ ಇದೆ: ತಮ್ಮ ಹಣ ಪಡೆದೇ ಬಿಟ್ಟುಕೊಟ್ಟ, ಆಸ್ಪತ್ರೆಗೂ ನಾನೇ ಸುರಿದೆ. ನಾನು ನಂಬುವುದು ಅಕ್ಕನ ಮಾತನ್ನು. ಇದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ.

ಸಭೆ ಏನು ಹೇಳಿತು

ಭಾವನೂ ಅದೇ ಸಭೆಯವರು. ಮುಂದಿನ ಬೆಂಚು. ಆರಾಧನೆಯಲ್ಲಿ ವಾಕ್ಯ ಓದುವವರು, ಚಾವಣಿಯ ಹಂಚು ಹೊದೆಸುವಾಗ ಕೈಬಿಚ್ಚಿ ಕೊಟ್ಟವರು.

2018ರ ಅಕ್ಟೋಬರಿನಲ್ಲಿ ಅಕ್ಕ ಹಿರಿಯರ ಮುಂದೆ ಬಂದು ಕೂತರು. ನಾವು ನಾಲ್ವರು. ಒಬ್ಬರು ಸತ್ಯವೇದದಲ್ಲಿ (ಬೈಬಲ್) ಒಂದನೇ ಕೊರಿಂಥ ಪತ್ರದ ಆರನೇ ಅಧ್ಯಾಯ ತೆಗೆದರು: ಸಹೋದರನ ಮೇಲೆ ಸಹೋದರ ಅವಿಶ್ವಾಸಿಗಳ ಮುಂದೆ ವ್ಯಾಜ್ಯಕ್ಕೆ ಹೋಗುವುದು ಸೋಲು, ಅದಕ್ಕಿಂತ ಅನ್ಯಾಯವನ್ನು ಯಾಕೆ ಸಹಿಸಬಾರದು? ಇನ್ನೊಬ್ಬರು ರೋಮಾಪುರದವರಿಗೆ ಬರೆದ ಪತ್ರದ ಹನ್ನೆರಡನೇ ಅಧ್ಯಾಯ: ಮುಯ್ಯಿಗೆ ಮುಯ್ಯಿ ತೀರಿಸುವುದು ನನ್ನ ಕೆಲಸ ಎಂದು ಕರ್ತನು ಹೇಳುತ್ತಾನೆ. ದೇವರಿಗೆ ಬಿಟ್ಟುಬಿಡಮ್ಮ ಎಂದರು. ನಾನು ಏನೂ ಹೇಳಲಿಲ್ಲ. ಹೊರಡುವಾಗ ಅಕ್ಕನ ತಲೆಯ ಮೇಲೆ ಕೈಯಿಟ್ಟು, "ಅವನು ನೋಡ್ಕೊಳ್ತಾನೆ" ಎಂದೆ. ರಿಪ್ಪನ್‌ಪೇಟೆ ದಾಟಿ ಶಿವಮೊಗ್ಗದ ಕಡೆ ಬಸ್ಸಿನಲ್ಲಿ ಬರುವಾಗ ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತ್ತು.

ಆ ದಿನ ನಾವು ಓದಿದ್ದನ್ನು ಅರ್ಧಕ್ಕೇ ನಿಲ್ಲಿಸಿದ್ದೆವು. ಅನ್ಯಾಯವನ್ನು ಯಾಕೆ ಸಹಿಸಬಾರದು ಎಂಬುದು ಏಳನೇ ವಚನ. ಎಂಟನೇ ವಚನ: ಆದರೆ ನೀವೇ ಅನ್ಯಾಯ ಮಾಡುತ್ತೀರಿ, ಮೋಸ ಮಾಡುತ್ತೀರಿ, ಅದೂ ಸಹೋದರರಿಗೆ. ಅದು ಮುಂದಿನ ಬೆಂಚಿಗೆ ಹೇಳಬೇಕಾದ ಮಾತು. ಐದನೇ ವಚನ ನಮಗೇ: ಸಹೋದರರ ನಡುವೆ ತೀರ್ಪು ಹೇಳಬಲ್ಲ ಬುದ್ಧಿವಂತ ನಿಮ್ಮಲ್ಲಿ ಒಬ್ಬನೂ ಇಲ್ಲವೇ? ಆ ಪತ್ರ ಬರೆದ ಪೌಲ ಗದರಿಸಿದ್ದು ಕೋರ್ಟಿನ ಮೆಟ್ಟಿಲು ಹತ್ತಿದ ವಿಧವೆಯನ್ನಲ್ಲ. ಕೊರಿಂಥದಲ್ಲಿ ಅನ್ಯಾಯ ಮಾಡಿದವರನ್ನು, ನ್ಯಾಯ ಹೇಳಲು ಹೆದರಿದ ಹಿರಿಯರನ್ನು. ಅದೇ ಪೌಲ ತನ್ನ ಮೇಲೆ ಸುಳ್ಳು ಆಪಾದನೆ ಬಂದಾಗ "ಕೈಸರನಿಗೆ ಮೊರೆಯಿಡುತ್ತೇನೆ" ಎಂದು ರೋಮಿನ ಚಕ್ರವರ್ತಿಯ ನ್ಯಾಯ ಕೇಳಿದವನು. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ ಅಧಿಕಾರಿಗಳು ಗುಟ್ಟಾಗಿ ಬಿಟ್ಟು ಕಳಿಸಲು ನೋಡಿದಾಗ, ಅವರೇ ಬಂದು ಕರೆದುಕೊಂಡು ಹೋಗಲಿ ಎಂದು ಕೂತವನು. ಯೇಸುಸ್ವಾಮಿ ಬಿಡದೆ ಪ್ರಾರ್ಥಿಸುವುದನ್ನು ಕಲಿಸಲು ಆರಿಸಿಕೊಂಡ ಮನುಷ್ಯಳಾದರೂ ಯಾರು? ನ್ಯಾಯಾಧಿಪತಿಯ ಬಾಗಿಲಿಗೆ ಮತ್ತೆ ಮತ್ತೆ ಹೋಗುವ ಒಬ್ಬ ವಿಧವೆ.

ಇನ್ನೊಂದು ಮಾತು. ಮೋಸದಿಂದಾದ ಪತ್ರವನ್ನು ರದ್ದು ಮಾಡಿಸಲು, ಮೋಸ ತಿಳಿದ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕು. 1963ರ ಕಾಲಮಿತಿ ಕಾಯಿದೆ ಹಾಗೆ ಹೇಳುತ್ತದೆ. ಹಿರಿಯರು "ದೇವರಿಗೆ ಬಿಡು" ಎಂದದ್ದನ್ನು ನಂಬಿ ಆಕೆ ಮೂರು ವರ್ಷ ಕೂತಿದ್ದರೆ ಲಾಭ ಯಾರಿಗೆ ಆಗುತ್ತಿತ್ತು? ಇದನ್ನು ನೆನೆಸಿಕೊಂಡರೆ ಈಗಲೂ ನನಗೆ ನಿದ್ದೆ ಬರುವುದಿಲ್ಲ.

ಆ ಅಕ್ಟೋಬರಿನ ನಂತರ ಅಕ್ಕ ಭಾನುವಾರ ಬರುವುದನ್ನು ಬಿಡಲಿಲ್ಲ. ಕಡೆಯ ಬೆಂಚಿನಲ್ಲಿ ಕೂತು, ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸದ ಹೊತ್ತಿಗೆ ಎದ್ದು ಹೊರಗೆ ಹೋಗುತ್ತಿದ್ದರು. ಜಗುಲಿಯಲ್ಲಿ ಕೊಡೆಗಳನ್ನು ಜೋಡಿಸಿಡುತ್ತಾ ನಿಲ್ಲುತ್ತಿದ್ದರು. ಮಳೆಗಾಲದಲ್ಲಿ ಅದೊಂದು ಕೆಲಸವಾಗಿ ಕಾಣುತ್ತಿತ್ತು. ಬೇಸಿಗೆಯಲ್ಲೂ ಎದ್ದು ಹೋಗುತ್ತಿದ್ದರು.

ಆಗಸ್ಟಿನ ಮಳೆ

2019ರ ಆಗಸ್ಟ್ ಮಳೆ ಮಲೆನಾಡಿನವರಿಗೆ ನೆನಪಿರುತ್ತದೆ. ಹುಲಿಕಲ್ಲು ಇರುವ ತಾಲೂಕು ಇದು, ಮಳೆ ಇಲ್ಲಿಗೆ ಹೊಸದಲ್ಲ. ಆದರೆ ಆ ಸಲ ಬಿಡುವೇ ಕೊಡಲಿಲ್ಲ. ಅಡಿಕೆಗೆ ಮಳೆಗಾಲದ ಆರಂಭದಲ್ಲಿ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಬೇಕು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎರಡನೇ ಮದ್ದಿಗೆ ಮಳೆ ಬಿಟ್ಟುಕೊಡಲೇ ಇಲ್ಲ. ಒದ್ದೆ ಮರ ಹತ್ತುವುದು ಹೇಗೆ, ಹೊಡೆದದ್ದು ನಿಲ್ಲುವುದು ಹೇಗೆ.

ಕೊಳೆ ಮೊದಲು ಬಿದ್ದದ್ದು ಭಾವನ ಮೇಲಿನ ತೋಟಕ್ಕೆ. ಹಸಿರು ಕಾಯಿ, ತೊಟ್ಟಿನ ಹತ್ತಿರ ನೀರು ನೆಂದ ಹಾಗೆ ಕಪ್ಪು, ಎರಡು ದಿನಕ್ಕೆ ಬೂದಿ ಮೆತ್ತಿದಂತೆ ಬಿಳಿ, ಆಮೇಲೆ ಉದುರು. ಬೆಳಿಗ್ಗೆ ಎದ್ದರೆ ಮರದ ಬುಡದಲ್ಲಿ ಕಾಯಿಯ ಹಾಸು. ಅಕ್ಕ ಅಗಳದ ಈಚೆ ನಿಂತು ನೋಡಿದರು. ಮನೆಗೆ ಬಂದು ಪುಸ್ತಕದ ಹಿಂಬದಿಯಲ್ಲಿ ಆ ಶಾಪದ ಪಕ್ಕ ಒಂದೇ ಪದ ಬರೆದರು: "ಕೇಳಿದ."

ನಾಲ್ಕು ದಿನಕ್ಕೆ ಕೊಳೆ ಕೆಳಗಿನ ಪಟ್ಟೆಗೆ ಇಳಿಯಿತು. ಮಳೆಯ ಹನಿ ಸಿಡಿದು, ಗಾಳಿಯಲ್ಲಿ ಹಾರಿ ಹರಡುವ ರೋಗ ಅದು. ಬಾಂದುಕಲ್ಲು ಎಲ್ಲಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಅಕ್ಕನ 20 ಗುಂಟೆಯಲ್ಲಿ ಅರ್ಧಕ್ಕರ್ಧ ಕಾಯಿ ಹೋಯಿತು.

ಊರಲ್ಲಿ ಮಾತ್ರ "ದೇವರು ಕಣ್ಣು ಬಿಟ್ಟ, ಅವನಿಗೆ ತೋರಿಸಿದ" ಎಂಬ ಮಾತು ಓಡಾಡುತ್ತಿತ್ತು. ನಮ್ಮ ಸಭೆಯವರೂ ಆಡಿದರು. ಅಕ್ಕನಿಗೆ ನಿದ್ದೆ ಹೋಯಿತು. ಪುಸ್ತಕ ನನ್ನ ಕೈಗೆ ಕೊಟ್ಟದ್ದು ಆಗಲೇ. "ಅವ್ರಿಗೆ ಬಿದ್ದ ಕೊಳೆ ಶಿಕ್ಷೆ ಅಂತಾದ್ರೆ, ನಂಗೆ ಬಿದ್ದಿದ್ದು ಎಂತ? ನಾ ಬರ್ದಿದ್ದು ಪಾಪ ಅಂತ ನಂಗೂ ಹೊಡೆದನಾ?"

ಬೆಟ್ಟದ ಪ್ರಸಂಗದಲ್ಲಿ, ದೇವರು ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಸುತ್ತಾನೆ ಎಂಬ ಮಾತಿದೆ. ಗಲಿಲಾಯದಂಥ ಸೀಮೆಯಲ್ಲಿ ಮಳೆಯೆಂದರೆ ವರ, ಕೇಳಿದವರಿಗೆ ದೇವರ ಔದಾರ್ಯ ನೆನಪಾಗಿರುತ್ತದೆ. ಅಡಿಕೆ ತೋಟದ ಅಂಚಿನಲ್ಲಿ, ಆಗಸ್ಟಿನಲ್ಲಿ ಅದನ್ನು ಓದಿದರೆ ಬೇರೆ ಥರ ಕೇಳುತ್ತದೆ. ಆದರೂ ಅರ್ಥ ಅದೇ: ಮಳೆ ತೀರ್ಪಲ್ಲ. ಲೂಕನ ಹದಿಮೂರನೇ ಅಧ್ಯಾಯದಲ್ಲಿ ಸಿಲೊವದ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿಯ ಮಾತು ಬರುತ್ತದೆ. ಅವರು ಯೆರೂಸಲೇಮಿನಲ್ಲಿದ್ದ ಎಲ್ಲರಿಗಿಂತ ಅಪರಾಧಿಗಳೆಂದು ನೆನೆಸುತ್ತೀರೋ ಎಂದು ಕೇಳಿ ಯೇಸುವೇ ಉತ್ತರ ಕೊಡುತ್ತಾನೆ: ಹಾಗಲ್ಲ. ಇನ್ನೊಬ್ಬನ ಕಷ್ಟವನ್ನು ದೇವರ ಷರಾ ಎಂದು ಓದುವ ಅಧಿಕಾರವನ್ನು ಅವನು ನಮ್ಮ ಕೈಯಿಂದ ಕಿತ್ತುಕೊಂಡ. ಹಾಗೆ ಓದಲು ಹೊರಟರೆ ನಮ್ಮ ಕಷ್ಟವನ್ನೂ ಹಾಗೇ ಓದಬೇಕಾಗುತ್ತದೆ. ಆ ಆಗಸ್ಟಿನಲ್ಲಿ ಅಕ್ಕನಿಗೆ ಆದದ್ದು ಅದೇ.

ಇಷ್ಟು ಹೇಳಿದಾಗ ಅವರಿಗೆ ಸ್ವಲ್ಪ ಹಗುರವಾಯಿತು. ಮರುಕ್ಷಣವೇ ಕೇಳಿದರು: "ಹಂಗಾರೆ ನ್ಯಾಯ ಎಲ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ದಿನ ಹಾಗೇ ಎದ್ದು ಬಂದೆ.

ನೂರ ಒಂಬತ್ತನೇ ಕೀರ್ತನೆ

ಮುಂದಿನ ಸಲ ಹೋದಾಗ ಏನಾದರೂ ಹೇಳುವುದನ್ನು ಬಿಟ್ಟು ಓದೋಣ ಅಂದುಕೊಂಡೆ. ಎಪ್ಪತ್ತಮೂರನೇ ಕೀರ್ತನೆಯಿಂದ ಶುರು ಮಾಡಿದೆವು, ದುಷ್ಟರ ಸೌಖ್ಯ ನೋಡಿ ಕಾಲು ಜಾರುವುದರಲ್ಲಿತ್ತು ಎಂದು ಆಸಾಫನು ಒಪ್ಪಿಕೊಳ್ಳುವ ಕೀರ್ತನೆ. ಆಮೇಲೆ ತೊಂಬತ್ತನಾಲ್ಕನೆಯದು, ಮುಯ್ಯಿ ತೀರಿಸುವ ದೇವರನ್ನೇ ಕೂಗಿ ಕರೆಯುವುದು. ವಿಧವೆಯರನ್ನೂ ಅನಾಥರನ್ನೂ ಕೊಲ್ಲುತ್ತಾರೆ, ಯೆಹೋವನು ನೋಡುವುದಿಲ್ಲ ಅನ್ನುತ್ತಾರೆ ಎಂದು ಅದರಲ್ಲಿದೆ. ಅಕ್ಕ ತಲೆಯೆತ್ತಿ ನೋಡಿದರು. "ಇದನ್ನ ಒಂದಿನನೂ ಸಭೆಲಿ ಓದಿದ್ದು ಕೇಳಿಲ್ಲ."

ನೂರ ಒಂಬತ್ತನೆಯದನ್ನಂತೂ ನಾವು ಓದುವುದೇ ಇಲ್ಲ. ಸತ್ಯವೇದದಲ್ಲಿರುವ ಅತಿ ಕಠಿಣ ಶಾಪಗಳು ಅಲ್ಲಿವೆ. ನನಗೂ ಹಿಂಜರಿಕೆಯಿತ್ತು. ಆದರೆ ಆ ಪುಸ್ತಕದ ಹಿಂಬದಿ ಓದಿದ ಮೇಲೆ, ಇವರಿಗೆ ಇದನ್ನು ಮುಚ್ಚಿಡುವುದು ಮೋಸ ಅನ್ನಿಸಿತು. ಅಡುಗೆಮನೆಯ ಬಾಗಿಲಲ್ಲಿ ಕೂತು ಜೋರಾಗಿ ಓದಿದೆ. ಅವನ ದಿನಗಳು ಕೊಂಚವೇ ಆಗಿರಲಿ, ಅವನ ಕೆಲಸ ಬೇರೊಬ್ಬನ ಪಾಲಾಗಲಿ. ಅಕ್ಕ ಹೂಂ ಹೂಂ ಎನ್ನುತ್ತಾ ಅಕ್ಕಿ ಆರಿಸುತ್ತಿದ್ದರು. ಒಂಬತ್ತನೇ ವಚನ ಬಂತು: ಅವನ ಮಕ್ಕಳು ಅನಾಥರಾಗಲಿ, ಅವನ ಹೆಂಡತಿ ವಿಧವೆಯಾಗಲಿ.

ಮೊರದ ಮೇಲಿನ ಕೈ ನಿಂತಿತು.

"ಇದು ಬೇಡ," ಎಂದರು. "ಮುಂದೆ ಓದ್ಬೇಡಿ. ಅವ್ರ ಹೆಂಡ್ತಿ ನಂಗೇನು ಮಾಡಿದಾಳೆ. ವಿಧವೆ ಅಂದ್ರೆ ಎಂತ ಅಂತ ನಂಗೊತ್ತಲ್ಲ."

ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಒಳಗೆ ಮಗಳು ಪಾಠ ಓದುವುದು ಕೇಳುತ್ತಿತ್ತು. ನಾನು ಎಷ್ಟು ಪ್ರಸಂಗ ಮಾಡಿದ್ದರೂ ಶತ್ರುವಿಗಾಗಿ ಆ ಕನಿಕರ ಹುಟ್ಟಿಸಲು ಆಗುತ್ತಿರಲಿಲ್ಲ. ಕ್ಷಮಿಸು ಕ್ಷಮಿಸು ಎಂದು ಹೇಳಿದ್ದಾಗ ಗಟ್ಟಿಯಾಗಿದ್ದ ಮನಸ್ಸು, ಶಾಪವನ್ನೇ ದೇವರ ಮುಂದೆ ಪೂರ್ತಿ ಬಿಚ್ಚಿಟ್ಟಾಗ ತಾನಾಗಿ ಒಂದು ಶಾಪವನ್ನು ಹಿಂದಕ್ಕೆ ತೆಗೆದುಕೊಂಡಿತು. ಕೋಪವನ್ನು ದೇವರ ಮುಂದೆ ಆಡಲು ಬಿಡದ ಸಭೆಯಲ್ಲಿ ಅದು ನೋಟ್‌ಬುಕ್ಕಿನ ಹಿಂಬದಿಗೆ ಹೋಗಿ ಕೂರುತ್ತದೆ.

ಮುಯ್ಯಾಳು

ಕಾರ್ತೀಕದ ಹೊತ್ತಿಗೆ ಅಡಿಕೆ ಸುಲಿಗೆ. ಅಕ್ಕ ತಮ್ಮ ಉಳಿದ ಬೆಳೆ ಮುಗಿಸಿ ಬೇರೆಯವರ ಮನೆಗೂ ಸುಲಿಯಲು ಹೋಗುತ್ತಿದ್ದರು. ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿಯ ಮುಂದೆ ಕೂರುವುದು; ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ, ಕೈಬೆರಳು ಕಪ್ಪು. ಅಂಥ ಒಂದು ರಾತ್ರಿ ಕಳೆದು ಬಂದವರು ನನಗೆ ಹೇಳಿದ ಮಾತಿನಿಂದಲೇ ನನಗೆ ರೋಮಾಪುರದ ಪತ್ರದ ಆ ವಚನ ತೆರೆದುಕೊಂಡಿತು.

ಮಲೆನಾಡಿನಲ್ಲಿ ಮುಯ್ಯಿ ಅಂದರೆ ಸೇಡು ಮಾತ್ರ ಅಲ್ಲ. ಮದುವೆಯಲ್ಲಿ ಕೊಡುವ ಉಡುಗೊರೆ ಮುಯ್ಯಿ. ನೆಟ್ಟಿಯ ಕಾಲಕ್ಕೆ ನಿಮ್ಮ ಗದ್ದೆಗೆ ನಾನು ಬಂದು ದುಡಿದರೆ, ನನ್ನ ಗದ್ದೆಗೆ ನೀವು ಬರಬೇಕು, ಅದು ಮುಯ್ಯಾಳು. ಕೂಲಿ ಇಲ್ಲ, ಕಾಗದ ಇಲ್ಲ, ಎಲ್ಲರಿಗೂ ನೆನಪಿರುತ್ತದೆ. ಬರಬೇಕಾದವರು ಬರದಿದ್ದರೆ ಕುತ್ತಿಗೆ ಹಿಡಿದು ತರಲಾಗುವುದಿಲ್ಲ, ಆದರೆ ಬಾಕಿ ಸತ್ತೂ ಹೋಗುವುದಿಲ್ಲ.

"ನಾವಿಬ್ರೂ ಆ ತೋಟಕ್ಕೆ ಹದ್ನೈದು ವರ್ಷ ದುಡ್ದಿದೀವಿ," ಅಂದರು ಅಕ್ಕ. "ಆ ಮುಯ್ಯಾಳು ಬಾಕಿ ಇದೆ. ಅದನ್ನ ತೀರ್ಸೋದು ನನ್ ಕೆಲ್ಸ ಅಂತ ದೇವ್ರು ಅಂತಾನಲ್ಲ. ಅಂದ್ರೆ ಭಾವನ ಬಾಕಿ ಅವ್ನು ಹೊತ್ಕೊಂಡ ಅಂತಾಯ್ತು. ಭಾವನ್ ಹತ್ರ ಹೆಂಗೆ ವಸೂಲಿ ಮಾಡ್ತಾನೋ ಅವ್ನಿಗೂ ಭಾವಂಗೂ ಬಿಟ್ಟಿದ್ದು. ನಂಗೆ ಬರ್ಬೇಕಾದ್ದು ಮಾತ್ರ ಬರತ್ತೆ."

ನಾವು ಹಿರಿಯರು ಆ ವಚನವನ್ನು ಬಾಯಿ ಮುಚ್ಚಿಸುವ ಆಜ್ಞೆಯಾಗಿ ಓದಿದ್ದೆವು. ಅಕ್ಕ ಅದನ್ನು ವಾಗ್ದಾನವಾಗಿ ಕೇಳಿಸಿಕೊಂಡರು. ನಾನು ಮನೆಗೆ ಬಂದು ಗ್ರೀಕ್ ಪದಕೋಶ ತೆಗೆದೆ. ಪೌಲ ಅಲ್ಲಿ ಬಳಸುವ ಪದ ಎಕ್‌ದಿಕೇಸಿಸ್. ಅದರ ಒಳಗಿರುವುದು ದಿಕೇ, ನ್ಯಾಯ. ಲೂಕನ ಹದಿನೆಂಟನೇ ಅಧ್ಯಾಯದಲ್ಲಿ ದೇವರು ತನ್ನವರಿಗೆ ತಪ್ಪದೆ ನ್ಯಾಯ ತೀರಿಸುವನು ಎಂಬಲ್ಲಿಯೂ ಅದೇ ಪದ. ನ್ಯಾಯಾಧಿಪತಿಯ ಮುಂದೆ ಆ ವಿಧವೆ ಮತ್ತೆ ಮತ್ತೆ ಬೇಡುವುದೂ ಅದನ್ನೇ. ಪೌಲ "ನೀವು ತೀರಿಸಬೇಡಿ" ಎಂದ ಮುಯ್ಯಿ, ಆ ವಿಧವೆ ಕೇಳಿದ ನ್ಯಾಯ, ಎರಡೂ ಒಂದೇ. ಅದನ್ನು ನಾವೇ ಕಿತ್ತುಕೊಳ್ಳಬಾರದು, ಕೇಳಬಹುದು, ಕೇಳುತ್ತಲೇ ಇರಬಹುದು. ಕನ್ನಡದಲ್ಲೂ ನೋಡಿ, ನ್ಯಾಯವನ್ನು ತೀರಿಸುತ್ತೇವೆ, ಸಾಲವನ್ನು ತೀರಿಸುತ್ತೇವೆ, ಬಾಯಾರಿಕೆಯನ್ನೂ ತೀರಿಸುತ್ತೇವೆ.

ನಾಬೋತನ ಕಥೆಯನ್ನು ಅಕ್ಕನೇ ಎತ್ತಿದರು. ರಾಜ ಅಹಾಬನಿಗೆ ಅರಮನೆಯ ಪಕ್ಕದ ದ್ರಾಕ್ಷೆ ತೋಟ ಕಾಯಿಪಲ್ಯಕ್ಕೆ ಬೇಕಿತ್ತು. ಪಿತೃಗಳ ಸ್ವತ್ತು ಕೊಡಲಾರೆ ಎಂದ ನಾಬೋತನನ್ನು ರಾಣಿ ಈಜೆಬೆಲ್ ಕೊಲ್ಲಿಸಿದಳು. "ಅಲ್ಲೂ ಕಾಗ್ದ ಪಕ್ಕಾ ಇತ್ತು," ಅಂದರು ಅಕ್ಕ. "ರಾಜನ ಮುದ್ರೆ, ಎರಡು ಸಾಕ್ಷಿ." ದೇವರು ಪ್ರವಾದಿ ಎಲೀಯನನ್ನು ಆ ತೋಟದೊಳಕ್ಕೇ ಕಳಿಸಿದ, ಸರಿ. ಆದರೆ ನಾಬೋತನ ತೋಟ ನಾಬೋತನಿಗೆ ವಾಪಸ್ ಬರಲಿಲ್ಲ. ಅಹಾಬ ಗೋಣಿತಟ್ಟು ಉಟ್ಟು ತಗ್ಗಿಸಿಕೊಂಡಾಗ ದೇವರು ಅವನ ಶಿಕ್ಷೆಯನ್ನು ಮುಂದಕ್ಕೂ ಹಾಕಿದ. ದೇವರ ನ್ಯಾಯವನ್ನು ನಂಬುವವರು ಈ ಎರಡನ್ನೂ ನುಂಗಿಕೊಳ್ಳಬೇಕು. ಈ ಲೋಕದಲ್ಲೇ ಎಲ್ಲ ಸರಿಹೋಗುತ್ತದೆಂಬ ಭರವಸೆ ಸತ್ಯವೇದದಲ್ಲಿ ಇಲ್ಲ. ಸತ್ತವರಿಗೂ ಜೀವಿಸುವವರಿಗೂ ನ್ಯಾಯತೀರಿಸಲು ಆತನು ಬರುತ್ತಾನೆಂದು ಪ್ರತಿ ಭಾನುವಾರ ವಿಶ್ವಾಸ ಪ್ರಮಾಣದಲ್ಲಿ ಹೇಳುತ್ತೇವಲ್ಲ, "ಸತ್ತವರಿಗೂ" ಎಂಬ ಆ ಒಂದು ಪದ ನಾಬೋತನಂಥವರಿಗಾಗಿ ಅಲ್ಲಿದೆ. ಅಕ್ಕನ ಗಂಡನಿಗಾಗಿ ಕೂಡ.

ಅನಾಥರ ಹೊಲ

ತಾಲೂಕು ಕಾನೂನು ಸೇವಾ ಸಮಿತಿಗೆ ನಾನೇ ಜೊತೆಗೆ ಹೋದೆ. 1987ರ ಕಾಯಿದೆ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ಇದು ಗೊತ್ತಿಲ್ಲದೆ ಎಷ್ಟು ಜನ ಕೂತಿದ್ದಾರೋ.

ವಕೀಲರು ಒಂದು ಹಾಳೆಯ ಮೇಲೆ ಲೆಕ್ಕ ಬರೆದು ತೋರಿಸಿದರು. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಹಳ್ಳಿಗಳಲ್ಲಿ ನಮ್ಮವರೂ ಪಿತ್ರಾರ್ಜಿತ, ಹುಟ್ಟಿನಿಂದಲೇ ಹಕ್ಕು ಎಂದೆಲ್ಲ ಮಾತಾಡುತ್ತಾರೆ, ನಮ್ಮ ಕಾಯಿದೆಯಲ್ಲಿ ಅದಿಲ್ಲ. ವಿಲ್ ಬರೆಯದೆ ಸತ್ತವನ ಆಸ್ತಿಯಲ್ಲಿ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಮಕ್ಕಳಿಗೆ ಉಳಿದೆರಡು. ಬಿಡುಗಡೆ ಪತ್ರ ಬಿದ್ದುಹೋದರೆ 3 ಎಕರೆಯಲ್ಲಿ ಗಂಡನ ಪಾಲು ಒಂದೂವರೆ ಎಕರೆ, 60 ಗುಂಟೆ. ಅದರಲ್ಲಿ ಅಕ್ಕನದು 20, ಮಗಳದು 40.

ಅಕ್ಕ ಆ ಹಾಳೆಯನ್ನು ನೋಡುತ್ತಲೇ ಇದ್ದರು. ತಾವು ಕೂತಿರುವುದು 20 ಗುಂಟೆಯಲ್ಲಿ. ಲೆಕ್ಕದ ಪ್ರಕಾರ ತಮಗೆ ಬರಬೇಕಾದ್ದಷ್ಟು ಕೈಯಲ್ಲೇ ಇದೆ, ಹೋಗಿರುವುದು ಮಗುವಿನ ಪಾಲು. ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತು ಹೇಳಿದರು, "ನಂದಾದ್ರೆ ಬಿಟ್ಟುಬಿಡ್ತಿದ್ನೇನೋ. ಅವ್ಳದ್ದನ್ನ ಬಿಡೋಕೆ ನಾನ್ಯಾರು?"

ಜ್ಞಾನೋಕ್ತಿಯ ಇಪ್ಪತ್ತಮೂರನೇ ಅಧ್ಯಾಯದಲ್ಲಿ, ಹಳೆಯ ಮೇರೆಯ ಗುರುತನ್ನು ಕದಲಿಸಬೇಡ, ಅನಾಥರ ಹೊಲದೊಳಗೆ ಸೇರಬೇಡ, ಅವರ ರಕ್ಷಕನು ಬಲಿಷ್ಠ, ಅವರ ವ್ಯಾಜ್ಯವನ್ನು ಅವನೇ ನಡಿಸುವನು ಎಂದಿದೆ. ವ್ಯಾಜ್ಯ ಎಂಬುದೇ ಪದ. ದೇವರು ವ್ಯಾಜ್ಯ ನಡೆಸುತ್ತಾನೆಂದು ಹೇಳುವ ಗ್ರಂಥವನ್ನು ಹಿಡಿದು ವ್ಯಾಜ್ಯವೇ ಪಾಪ ಎಂದಿದ್ದೆವು ನಾವು.

ದಾವೆ ಹಾಕಿದ್ದು 2020ರ ನವೆಂಬರಿನಲ್ಲಿ. ಪುರಾವೆಗೆ ಆ ಪುಸ್ತಕ ಬೇಕಿತ್ತು. ಹಿಂಬದಿಯ ಹಾಳೆಗಳನ್ನು ತೆಗೆದುಬಿಡಿ ಎಂದರು ವಕೀಲರು. ಅಕ್ಕ ಬ್ಲೇಡಿನಿಂದ ನಾಜೂಕಾಗಿ ಹನ್ನೆರಡು ಹಾಳೆ ಕೊಯ್ದರು. ಸುಟ್ಟುಬಿಡುತ್ತಾರೆ ಅಂದುಕೊಂಡಿದ್ದೆ. ಮಡಚಿ ತಮ್ಮ ಸತ್ಯವೇದದೊಳಗೆ ನೂರ ಒಂಬತ್ತನೇ ಕೀರ್ತನೆಯ ಹತ್ತಿರ ಇಟ್ಟರು. "ಅಲ್ಲೇ ಇರ್ಲಿ. ಅವ್ನು ಓದಿ ಆಗಿದೆ."

ಇನ್ನೊಂದು ಕೆಲಸ ಮಾಡಿದರು. ಮುಂಬದಿಯ ಲೆಕ್ಕದಲ್ಲಿ ಎಲ್ಲೂ ಇಲ್ಲದ ಒಂದು ಸಾಲನ್ನು ಹೊಸ ಶಾಯಿಯಲ್ಲಿ, ಅಂದಿನ ತಾರೀಕು ಹಾಕಿಯೇ ಸೇರಿಸಿದರು: 2017ರಲ್ಲಿ ಆಸ್ಪತ್ರೆಗೆ ಭಾವ ಕಟ್ಟಿದ್ದು, 85,000 ರೂಪಾಯಿ. ವಕೀಲರು ತಲೆ ಚಚ್ಚಿಕೊಂಡರು. ನಿಮ್ಮ ವಿರುದ್ಧ ನೀವೇ ಬರೀತಿದ್ದೀರಲ್ಲ, ಅವರು ರಸೀದಿ ತಂದರೆ ನೋಡೋಣ ಅಂದರು. ಅಕ್ಕ ಒಪ್ಪಲಿಲ್ಲ. "ಅಲ್ಲಿ ಇನ್ನೊಂದು ಪುಸ್ತಕ ಇದ್ಯಲ್ಲ ಸರ್. ಅದ್ರಲ್ಲಿ ಇದು ಇದ್ದೇ ಇರತ್ತೆ."

ದೇವರ ನ್ಯಾಯ ಒಬ್ಬರಿಗೆ ಆಸರೆಯಾಗಿದೆ ಎಂದು ನಾನು ಗುರುತಿಸಿದ್ದು ಆಗ, ಆ ಒಂದು ಸಾಲಿನಲ್ಲಿ. ಪ್ರಕಟಣೆ ಗ್ರಂಥದ ಇಪ್ಪತ್ತನೇ ಅಧ್ಯಾಯದಲ್ಲಿ ಸಿಂಹಾಸನದ ಮುಂದೆ ಪುಸ್ತಕಗಳು ತೆರೆಯುತ್ತವೆ. ಅವುಗಳಲ್ಲಿ ಎದುರಾಳಿಯ ತಪ್ಪು ಮಾತ್ರ ಇರುತ್ತದೆಂದು ನಂಬುವವರಿಗೆ ಅದು ಸೇಡಿನ ಕನಸು. ಎಲ್ಲವೂ ಸರಿಯಾಗಿ ದಾಖಲಾಗಿದೆ ಎಂದು ನಂಬಿದ ಮೇಲೆ ನಮ್ಮ ಲೆಕ್ಕವನ್ನು ತಿದ್ದಿ ಬರೆಯುವ ಅಗತ್ಯ ಬೀಳುವುದಿಲ್ಲ, ಹೆಚ್ಚಿಸಿ ಬರೆಯುವ ಭಯವೂ ಇರುವುದಿಲ್ಲ.

ಇಲ್ಲಿಯವರೆಗೆ

ಎಲ್ಲ ನೆಟ್ಟಗಾಗಿದೆ ಎಂದುಕೊಳ್ಳಬೇಡಿ. ದಾವೆ ನಡೆಯುತ್ತಿದೆ, ವಾಯಿದೆ ಮೇಲೆ ವಾಯಿದೆ. ಒಂದೊಂದು ವಾಯಿದೆಯ ಹಿಂದಿನ ರಾತ್ರಿಯೂ ಅಕ್ಕನಿಗೆ ಎದೆ ಉರಿಯುತ್ತದೆ, ಫೋನ್ ಮಾಡುತ್ತಾರೆ, ತೊಂಬತ್ತನಾಲ್ಕನೇ ಕೀರ್ತನೆ ಓದಿ ಎನ್ನುತ್ತಾರೆ. ಮಗಳಿಗೆ ಈ ಸಮಾಧಾನ ಸಿಕ್ಕಿಲ್ಲ. ಅಪ್ಪನಿಗೆ ಹೀಗೆ ಮಾಡಿದವರ ಪಕ್ಕ ಕೂತು ಹಾಡು ಹೇಳಲಾರೆ ಎಂದು ಅವಳು ಸಭೆಗೆ ಬರುವುದನ್ನೇ ನಿಲ್ಲಿಸಿದ್ದಾಳೆ. ಅವಳನ್ನು ಬಾ ಎನ್ನಲು ನನಗೆ ಬಾಯಿಲ್ಲ.

ಹಿರಿಯರ ಸಭೆಯಲ್ಲಿ ನಾನು ಎದ್ದು ಅಕ್ಕನ ಕ್ಷಮೆ ಕೇಳಿದೆ, ಉಳಿದವರಲ್ಲಿ ಒಬ್ಬರು ಕೇಳಿದರು. ಕೊರಿಂಥ ಪತ್ರದ ಎಂಟನೇ ವಚನವನ್ನು ಭಾವನ ಮನೆಗೆ ಹೋಗಿ ಓದಿದೆವು. ಕಾಫಿ ಕೊಟ್ಟು ಕಳಿಸಿದರು.

2021ರ ಕ್ರಿಸ್ಮಸ್ ದಿನ ಅಕ್ಕ ಕರ್ತನ ಭೋಜನಕ್ಕೆ ಬಂದು ಮೊಣಕಾಲೂರಿದರು. ಸಾಲಿನಲ್ಲಿ ಮೂರು ಜನ ಬಿಟ್ಟು ಭಾವ. ಆಮೇಲೆ ಜಗುಲಿಯಲ್ಲಿ ಕೇಳಿದೆ, ಕಷ್ಟವಾಯಿತಾ ಅಂತ. "ಅವ್ರು ಅಲ್ಲಿದ್ರಾ?" ಎಂದರು. "ನೋಡ್ಬಾರ್ದು ಅಂತಲ್ಲ. ನೆನಪಾಗ್ಲಿಲ್ಲ."

2022ರ ಜೂನ್ ಮೊದಲ ವಾರ, ಮಳೆ ಹಿಡಿಯುವ ಮುಂಚೆ, ಅಕ್ಕ ಕೆಲಸದವನ ಕೈಲಿ ಭಾವನ ಮನೆಗೆ ಹೇಳಿ ಕಳಿಸಿದರು: ನಾವು ಗುರುವಾರ ಮದ್ದು ಹೊಡೆಸ್ತೀವಿ, ನೀವೂ ಅವತ್ತೇ ಹೊಡೆಸಿದ್ರೆ ಎರಡೂ ತೋಟಕ್ಕೆ ಒಳ್ಳೇದು. ಉತ್ತರ ಬರಲಿಲ್ಲ. ಗುರುವಾರ ಬೆಳಿಗ್ಗೆ ಸುಣ್ಣ ಕಲಸುತ್ತಿರುವಾಗ ಅಗಳದ ಆಚೆಯಿಂದ ಪಂಪಿನ ಸದ್ದು ಕೇಳಿಸಿತಂತೆ.